ಸ್ಟಾಪ್‌ವಾಚ್ ಅಕ್ಕನ ಹದಿನಾಲ್ಕು ಚುಕ್ಕಿ

ನಮ್ಮ ಮನಃಶಾಸ್ತ್ರ ವಿಭಾಗದ ಪ್ರಯೋಗಾಲಯದ ಹೊರಗೆ ಅಟೆಂಡರ್ ಅಕ್ಕನಿಗೆಂದು ಒಂದು ಕುರ್ಚಿ ಇತ್ತು. ಹತ್ತೊಂಬತ್ತು ವರ್ಷದಲ್ಲಿ ಆಕೆ ಅದರ ಮೇಲೆ ಕೂತಿದ್ದನ್ನು ಕಂಡವರಿಲ್ಲ. ಒರೆಸಿದ ಮೇಜನ್ನೇ ಮತ್ತೆ ಒರೆಸುವುದು, ಹಾಕಿದ ಚಿಲಕವನ್ನು ಮತ್ತೆ ಎಳೆದು ನೋಡುವುದು, ಕಾರಿಡಾರಿನ ಆ ತುದಿಯಿಂದ ಈ ತುದಿಗೆ ಓಡಾಡುವುದು. ಕೊರಳಲ್ಲಿ ಸದಾ ಪ್ರಯೋಗಾಲಯದ ಸ್ಟಾಪ್‌ವಾಚ್ ನೇತಾಡುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಸ್ಟಾಪ್‌ವಾಚ್ ಅಕ್ಕ. ಆ ಹೆಸರಿನ ಬಗ್ಗೆ ಆಕೆಗೆ ಸ್ವಲ್ಪ ಜಂಬವೇ ಇತ್ತು.

ನಾನೂ ಕೂತಲ್ಲಿ ಕೂರುವ ಜೀವವಲ್ಲ. ಆದರೂ ಎಂ.ಎ. ಕೊನೆಯ ವರ್ಷ ನಾನು ಮತ್ತು ನನ್ನ ಗೆಳತಿ ಸಂಶೋಧನೆಗೆ ಆರಿಸಿಕೊಂಡಿದ್ದು ಕಾಯುವ ವಿಷಯವನ್ನು. ಒಬ್ಬರನ್ನು ಖಾಲಿ ಕೋಣೆಯಲ್ಲಿ ಕೂರಿಸಿ, ಫೋನು ಇಸಿದುಕೊಂಡು, ‘ಈಗ ಕರೀತೀವಿ’ ಎಂದು ಹೇಳಿ ಬಾಗಿಲು ಎಳೆದುಕೊಳ್ಳುವುದು. ಅವರು ಎದ್ದು ಬಂದು ‘ಏನಾಯ್ತು’ ಎಂದು ಕೇಳುವವರೆಗೆ ಎಷ್ಟು ನಿಮಿಷ ಎಂದು ಅಳೆಯುವುದು. ಮೂವತ್ತರೊಳಗಿನವರು ಇಪ್ಪತ್ತು ಜನ, ಐವತ್ತು ದಾಟಿದವರು ಇಪ್ಪತ್ತು ಜನ.

ಕೂರಿಸುವುದು, ಗುಂಡಿ ಒತ್ತುವುದು, ರಿಜಿಸ್ಟರಿನಲ್ಲಿ ಸಮಯ ಬರೆಯುವುದು ಅಕ್ಕನ ಪಾಲಿನ ಕೆಲಸ. ಅಳೆಯುವವರಿಗೆ ಪ್ರಯೋಗದ ಉದ್ದೇಶ ಗೊತ್ತಿರಬಾರದು, ಗೊತ್ತಾದರೆ ಫಲಿತಾಂಶ ಒಂದು ಕಡೆಗೆ ವಾಲುತ್ತದೆ ಎನ್ನುವುದು ನಮ್ಮ ಶಾಸ್ತ್ರದ ಕಟ್ಟುನಿಟ್ಟು. ಅದಕ್ಕೇ ಆಕೆಯ ಮುಂದೆ ನಾವು ತುಟಿ ಬಿಚ್ಚಲಿಲ್ಲ. ಎಷ್ಟು ಜಾಣತನದಿಂದ ಮುಚ್ಚಿಟ್ಟೆವೆಂದರೆ, ಹೇಳಲೇಬೇಕಾದ ಒಂದು ಮಾತನ್ನೂ ಹೇಳಲಿಲ್ಲ.

ಫಲಿತಾಂಶ ನೋಡಿ ನಮಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚಿಕ್ಕವರು ಸರಾಸರಿ ಎಂಟು ನಿಮಿಷಕ್ಕೆ ಎದ್ದಿದ್ದರು, ದೊಡ್ಡವರು ಇಪ್ಪತ್ತೊಂದಕ್ಕೆ. ವಯಸ್ಸಾದಂತೆ ತಾಳ್ಮೆ ಬೆಳೆಯುತ್ತದೆ ಎಂದು ದಪ್ಪ ಅಕ್ಷರದಲ್ಲಿ ಪೋಸ್ಟರ್ ಮಾಡಿಸಿ ವಿದ್ಯಾರ್ಥಿ ಸಮ್ಮೇಳನಕ್ಕೆ ಹೊರಟೆವು. ಗೆದ್ದ ಜೋಡಿಗೆ ದೊಡ್ಡ ಸಂಸ್ಥೆಯೊಂದರಲ್ಲಿ ಸಂಶೋಧನೆಗೆ ನೇರ ಪ್ರವೇಶ. ಸಿಗದಿದ್ದರೆ ಗೆಳತಿ ಓದು ಬಿಟ್ಟು ಅಣ್ಣನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರಬೇಕೆಂದು ಮನೆಯಲ್ಲಿ ಮಾತಾಗಿತ್ತು. ನನಗೂ ಕೈಯಲ್ಲಿ ಬೇರೆ ದಾರಿ ಇರಲಿಲ್ಲ.

ಅಂದು ಅಕ್ಕನಿಗೂ ಸಭಾಂಗಣದಲ್ಲಿ ಡ್ಯೂಟಿ ಹಾಕಿದ್ದರು. ನಮ್ಮ ಸರದಿಗೆ ಇನ್ನು ಅರ್ಧ ಗಂಟೆ. ನಾನು ನಾಲ್ಕನೇ ಸಲ ನೀರು ಕುಡಿದು ಬರುವಾಗ ಅಕ್ಕ ಪೋಸ್ಟರಿನ ಮುಂದೆ ನಿಂತು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದಳು. ಆಕೆ ಅಷ್ಟು ಹೊತ್ತು ಒಂದೇ ಕಡೆ ನಿಂತಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

“ಇದು ಹೀಗಲ್ಲ ಕಣಮ್ಮ,” ಎಂದಳು. “ಆ ವಯಸ್ಸಾದವರು ತಾಳ್ಮೆಯಿಂದ ಕೂತಿದ್ದಲ್ಲ. ನಾನು ಹೇಳಿದ್ದಕ್ಕೆ ಕೂತಿದ್ದು.”

“ಏನು ಹೇಳಿದ್ರಿ?”

“ಬಾಗಿಲು ಸ್ವಲ್ಪ ತೆಗೆದು, ತಡ ಆಗುತ್ತೆ, ಕೂತಿರಿ ಅಂದೆ. ಮಾತಾಡಬಾರದು ಅಂತ ನೀವು ಹೇಳಿರಲಿಲ್ಲ.”

ಹೇಳಿರಲಿಲ್ಲ, ನಿಜ. ಪಕ್ಕಕ್ಕೆ ಬಂದು ನಿಂತಿದ್ದ ಗೆಳತಿಯ ಮುಖ ಸುಣ್ಣ ಬಳಿದ ಹಾಗಾಯಿತು. “ಎಲ್ಲರಿಗೂ ಹೇಳಿದ್ರಾ?”

“ಹದಿನಾಲ್ಕು ಜನಕ್ಕೆ. ಉಳಿದ ಆರು ಜನ ಕೂತಾಗ ನಂಗೆ ಪುರುಸೊತ್ತಾಗಲಿಲ್ಲ. ರಿಜಿಸ್ಟರಲ್ಲಿ ಚುಕ್ಕಿ ಇಟ್ಟಿದೀನಲ್ಲ. ಒಬ್ಬರಿಗೇ ಎರಡೆರಡು ಸಲ ಹೇಳಿದ್ರೆ ಬೇಜಾರಾಗ್ತಾರೆ. ಹುಡುಗರು ಕಾಲು ಚಾಚಿ ಹಾಯಾಗಿ ಕೂತಿದ್ರು, ಅವರನ್ನ ನೋಡಿ ನಂಗೇನೂ ಅನ್ನಿಸಲಿಲ್ಲ.”

ಆ ಚುಕ್ಕಿಗಳನ್ನು ನಾವು ಪೆನ್ನಿನ ಮಸಿ ಸೋರಿದ್ದೆಂದುಕೊಂಡಿದ್ದೆವು. ನಮ್ಮ ಬುದ್ಧಿಗಿಷ್ಟು.

ನನಗೆ ರೇಗಿತು. ಯಾಕೆ ಹೇಳಬೇಕಿತ್ತು ಎಂದು ಕೇಳಿಯೇ ಬಿಟ್ಟೆ. ಅಕ್ಕ ಸ್ಟಾಪ್‌ವಾಚಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. ಹನ್ನೊಂದು ವರ್ಷದವಳಿದ್ದಾಗ ಅಪ್ಪನ ಜೊತೆ ಒಂದು ಕಚೇರಿಗೆ ಹೋಗಿದ್ದಳಂತೆ. ಬೆಳಿಗ್ಗೆ ಬೆಂಚಿನ ಮೇಲೆ ಕೂರಿಸಿದವರು ಸಂಜೆವರೆಗೆ ಈ ಕಡೆ ತಿರುಗಿ ನೋಡಲಿಲ್ಲ. ಬೀಗ ಹಾಕಲು ಬಂದವನು, ಸಾಹೇಬರು ಇವತ್ತು ರಜೆ ಎಂದನಂತೆ. “ಅಪ್ಪ ಸಿಟ್ಟಾಗಿದ್ರೆ ಪರವಾಗಿರಲಿಲ್ಲ. ನಾಚಿಕೊಂಡ್ರು. ಮಗಳ ಮುಂದೆ,” ಎಂದಳು. ಅಲ್ಲಿಂದ ಈಚೆಗೆ ಆಕೆಗೆ ಕುರ್ಚಿ ಕಂಡರಾಗದು.

ಆಕೆ ಅತ್ತ ಹೋದ ಮೇಲೆ ಗೆಳತಿ ನನ್ನ ಕೈ ಹಿಡಿದಳು. “ಯಾರಿಗೂ ಗೊತ್ತಾಗಲ್ಲ ಕಣೆ. ಅಕ್ಕನೂ ಬಾಯಿ ಬಿಡಲ್ಲ. ಬಿಟ್ಟರೆ ಆಕೆ ಕೆಲಸಕ್ಕೇ ಸಂಚಕಾರ.”

ಅದು ಸುಳ್ಳಲ್ಲ. ಅಕ್ಕನದು ವರ್ಷ ವರ್ಷ ಸಹಿ ಬೀಳಬೇಕಾದ ನೌಕರಿ. ಸುಮ್ಮನಿರುವುದಕ್ಕೆ ಎಷ್ಟು ಒಳ್ಳೆಯ ನೆಪ ಎಂದುಕೊಂಡೆ, ಹಾಗಂದುಕೊಂಡಿದ್ದಕ್ಕೆ ನನ್ನ ಮೇಲೇ ಹೇಸಿಗೆಯಾಯಿತು. ರಿಜಿಸ್ಟರ್ ತೆಗೆದು ಚುಕ್ಕಿ ಇಲ್ಲದ ಆರು ಜನರ ಲೆಕ್ಕ ಹಾಕಿದೆ. ಸರಾಸರಿ ಎಂಟು ನಿಮಿಷ. ಹುಡುಗರಷ್ಟೇ. ಗೆಳತಿ ಅದನ್ನು ನೋಡಿದಳು, ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಆಮೇಲೆ, “ನೀನೇ ಹೇಳು. ನನ್ನ ಕೈಲಾಗಲ್ಲ,” ಎಂದಳು.

ವೇದಿಕೆಯ ಮೇಲೆ ನಾನು ಪೋಸ್ಟರಿನ ತೀರ್ಮಾನ ತಪ್ಪು ಎಂದೇ ಮಾತು ಶುರುಮಾಡಿದೆ. ಹದಿನಾಲ್ಕು ಜನಕ್ಕೆ ಹೊರಗಿನವರೊಬ್ಬರು ಏನೋ ಹೇಳಿದ್ದರು, ಅದನ್ನು ತಡೆಯದಿದ್ದುದು ನಮ್ಮದೇ ತಪ್ಪು ಎಂದೆ. ತೀರ್ಪುಗಾರರಲ್ಲಿ ಹಿರಿಯರಾದ ಪ್ರೊಫೆಸರು ಕನ್ನಡಕ ಏರಿಸಿ, “ಯಾರು ಅವರು?” ಎಂದರು.

ನಾನು ಕಾಲು ಬದಲಿಸಿದೆ. ನಮ್ಮ ಗೈಡ್ ಮೇಡಂ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಹಿಂದಿನ ಬಾಗಿಲ ಹತ್ತಿರದಿಂದ ದನಿ ಬಂತು. “ನಾನು ಸಾರ್.”

ಇಡೀ ಸಭೆ ತಿರುಗಿತು. ಅಕ್ಕ ನೀರಿನ ಟ್ರೇ ಹಿಡಿದು ನಿಂತಿದ್ದಳು. ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು.

“ಸರಿಯಾಗಿ ಏನು ಹೇಳಿದ್ರಿ?”

“ತಡ ಆಗುತ್ತೆ, ಕೂತಿರಿ, ನಿಮ್ಮನ್ನ ಮರೆತಿಲ್ಲ ಅಂದೆ ಸಾರ್.”

ಪ್ರೊಫೆಸರು ಅದನ್ನು ಬರೆದುಕೊಂಡರು.

ಪ್ರವೇಶ ಬೇರೆ ಜೋಡಿಗೆ ಹೋಯಿತು. ಗೆಳತಿ ಈಗ ಮೊಳೆ, ಬೀಗ ಮಾರುತ್ತಾಳೆ, ನನ್ನನ್ನು ಕಂಡಾಗ ಇವತ್ತಿಗೂ ಒಂದು ಕ್ಷಣ ಮುಖ ಗಂಟಿಕ್ಕುತ್ತಾಳೆ. ಅಕ್ಕನ ಕಾಗದಕ್ಕೆ ಮುಂದಿನ ವರ್ಷ ಸಹಿ ಬಿತ್ತು. ಮೇಡಂ ಅದಕ್ಕಾಗಿ ಯಾರ ಯಾರ ಹತ್ತಿರ ಓಡಾಡಿದರೋ.

ಅದೆಲ್ಲ ಆಮೇಲಿನದು. ಅವತ್ತು ತೀರ್ಪುಗಾರರು ಒಳಗೆ ಚರ್ಚೆಗೆ ಕೂತಾಗ ನಾವಿಬ್ಬರೂ ಹೊರಗಿನ ಬೆಂಚಿನಲ್ಲಿ, ಒಬ್ಬರಿಗೊಬ್ಬರು ಮುಖ ತಿರುಗಿಸಿಕೊಂಡಿದ್ದೆವು. ನನ್ನ ಕಾಲು ತನ್ನಷ್ಟಕ್ಕೆ ಅಲುಗುತ್ತಿತ್ತು. ಎದ್ದೆ, ಕೂತೆ, ಮತ್ತೆ ಎದ್ದು ಬಾಗಿಲು ಬಡಿಯಲು ಕೈ ಎತ್ತಿದೆ. ಅಷ್ಟರಲ್ಲಿ ಅದೇ ಬಾಗಿಲು ಸ್ವಲ್ಪ ತೆರೆಯಿತು. ಖಾಲಿ ಟ್ರೇ ಹಿಡಿದು ಹೊರಗೆ ಬಂದ ಅಕ್ಕ ನಮ್ಮಿಬ್ಬರನ್ನೂ ನೋಡಿದಳು.

“ಇನ್ನೂ ಮುಗಿದಿಲ್ಲ. ಅರ್ಧ ಗಂಟೆ ಆಗಬಹುದು,” ಎಂದಳು. “ಕೂತಿರಿ. ನಿಮ್ಮನ್ನ ಮರೆತಿಲ್ಲ.”

ನಾನು ಕೂತೆ. ಸ್ವಲ್ಪ ಹೊತ್ತಿಗೆ ಗೆಳತಿಯೂ ನನ್ನ ಕಡೆ ಸರಿದು ಕೂತಳು.