ಎರಡು ಉಗುರಿಗೆ ಅಡ್ಡ ಬಂದ ಮದುವೆ

ನನ್ನ ಮಗಳು ನೀಲಾಳ ಬಲಗೈಯ ತೋರುಬೆರಳಿಗೂ ನಡುಬೆರಳಿಗೂ ಒಂದೊಂದು ಉಗುರಿದೆ. ಎಲ್ಲರಿಗೂ ಇರುತ್ತದೆ, ಅದರಲ್ಲೇನು ವಿಶೇಷ ಎನ್ನುತ್ತೀರಾ? ಹೋದ ತಿಂಗಳವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಆ ಎರಡು ಉಗುರಿನ ದೆಸೆಯಿಂದ ಮಧುಗಿರಿಗೂ ಪಾವಗಡಕ್ಕೂ ಮಾತು ನಿಂತುಹೋಗಿದೆ.

ಪಾವಗಡದಿಂದ ಹೆಣ್ಣು ನೋಡಲು ಬಂದಿದ್ದರು.

ಈ ಅಂಕಣವನ್ನು ಬಿಡದೆ ಓದುವವರಿಗೆ ನನ್ನ ಸ್ವಭಾವ ಗೊತ್ತು. ಬೆಟ್ಟದ ಮೇಲಿನ ಬಂಡೆಯೊಂದು ಉರುಳಿದರೆ ನೇರವಾಗಿ ನಮ್ಮ ಹಿತ್ತಲಿಗೇ ಬೀಳುತ್ತದೆ ಎಂದು ಈ ಜಾಗದಲ್ಲೇ ಬರೆದು ಎಲ್ಲರ ನಗೆಗೆ ಗುರಿಯಾದವನು ನಾನು. (ಬಂಡೆ ಇನ್ನೂ ಅಲ್ಲೇ ಇದೆ. ನಾನೂ ದಿನಾ ಬೆಳಿಗ್ಗೆ ನೋಡುತ್ತಲೇ ಇದ್ದೇನೆ.) ಇಂಥವನ ಮನೆಗೆ ಬೀಗರಾಗುವವರು ಬರುತ್ತಾರೆಂದರೆ ಕೇಳಬೇಕೆ? ಪೆಟ್ರೋಲಿಲ್ಲದೆ ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸು ದಿಣ್ಣೆ ಹತ್ತುತ್ತದೋ ಇಲ್ಲವೋ. ರೇಷನ್ನಿನ ಸಕ್ಕರೆ ಕೇಸರಿಬಾತಿಗೆ ಸಾಲುತ್ತದೋ ಇಲ್ಲವೋ. ಎಲ್ಲಕ್ಕಿಂತ ದೊಡ್ಡ ಚಿಂತೆ, ಹುಡುಗಿ ಬಾರಿಸುತ್ತಿರುವಾಗ ವೀಣೆಯ ಸಾರಣಿ ಹರಿದರೆ ಗತಿಯೇನು?

ಸಾರಣಿ ಎಂದರೆ ವೀಣೆಯ ಮೊದಲ ತಂತಿ. ಹೆಚ್ಚಿನ ರಾಗವೆಲ್ಲ ನಡೆಯುವುದು ಅದರ ಮೇಲೆಯೇ. ಯುದ್ಧ ಶುರುವಾದ ಮೇಲೆ ಒಳ್ಳೆಯ ಉಕ್ಕಿನ ತಂತಿ ಬೆಂಗಳೂರಿನಲ್ಲೇ ಸಿಗುತ್ತಿಲ್ಲ. ನಮ್ಮ ಊರಿಗೆ ಎಲ್ಲಿಂದ ಬರಬೇಕು? ಕೊನೆಗೆ ಸಿರಾದಲ್ಲಿ ನಾಟಕದ ಕಂಪನಿಗಳ ಹಾರ್ಮೋನಿಯಂ ರಿಪೇರಿ ಮಾಡುವ ಸಾಬರ ಹತ್ತಿರ ಎಣ್ಣೆ ಕಾಗದದಲ್ಲಿ ಸುತ್ತಿಟ್ಟಿದ್ದ ಹಳೆಯ ಸುರುಳಿಯೊಂದು ಸಿಕ್ಕಿತು. "ಜೋಪಾನ ವಕೀಲ್ ಸಾಬ್. ಜರ್ಮನ್ ತಾರ್ ಇದು. ಇದೂ ಹೋಯ್ತು ಅಂದ್ರೆ ಜರ್ಮನಿಯವರಿಗೇ ಕಾಗದ ಹಾಕ್ಬೇಕಾಗ್ತದೆ," ಎಂದರು.

ಅದನ್ನು ನಾನೇ ಕಟ್ಟುತ್ತೇನೆಂದು ಹಟ ಹಿಡಿದೆ. ತಂತಿಯ ಒಂದು ತುದಿಗೆ ಕುಣಿಕೆ ಹಾಕಿ ಕೊಕ್ಕೆಗೆ ಸಿಕ್ಕಿಸಬೇಕು, ಕುದುರೆ ಎಂದು ಕರೆಯುವ ಮರದ ತುಂಡಿನ ಮೇಲೆ ಹಾಯಿಸಬೇಕು, ಆ ತುದಿಯಲ್ಲಿ ಬಿರಡೆಗೆ ಸುತ್ತಿ ನಿಧಾನವಾಗಿ ಬಿಗಿಯಬೇಕು. ನಿಧಾನ ಎನ್ನುವುದು ನನ್ನ ಜಾತಕದಲ್ಲಿ ಬರೆದಿಲ್ಲ. ಠಣ್ ಎಂದು ಹರಿದ ತಂತಿ ನನ್ನ ಕೆನ್ನೆಗೆ ಬಾರಿಸಿತು. ಮರುದಿನ ಕೋರ್ಟಿನಲ್ಲಿ ಎದುರು ಪಾರ್ಟಿಯ ವಕೀಲರು ಆ ಗೀರನ್ನು ನೋಡಿ, "ಮನೆಯಲ್ಲಿ ಕೇಸು ಸೋತಿರಾ?" ಎಂದು ವಿಚಾರಿಸಿಕೊಂಡರು. ಉಳಿದ ಸುರುಳಿಯಲ್ಲಿ ನೀಲಾ ತಾನೇ ಕಟ್ಟಿಕೊಂಡಳು.

ಇಷ್ಟೆಲ್ಲ ಯಾಕೆ ಪಡಿಪಾಟಲು? ಯಾಕೆಂದರೆ ವೀಣೆ ಬರುವ ಹುಡುಗಿಯೇ ಬೇಕು ಎಂದು ಕೇಳಿದವರು ಅವರು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಸಂಬಂಧ ತಂದ ಬಡವನಹಳ್ಳಿಯ ಪುಟ್ಟಬಸಪ್ಪ, ನನ್ನ ಹೆಂಡತಿಗೆ ಅಣ್ಣನ ವರಸೆ, ನಮ್ಮ ಜಗಲಿಯ ಮೇಲೆ ಕೂತು ಆಣೆ ಮಾಡಿ ಹೇಳಿದ್ದ.

ಬಂದವರು ಹುಡುಗ, ಅವನ ತಂದೆತಾಯಿ, ಜೊತೆಗೆ ಸೋದರತ್ತೆ. ಯಜಮಾನಿಕೆ ಯಾರದು ಎಂಬುದು ಕಾಲು ತೊಳೆಯುವಾಗಲೇ ತಿಳಿಯಿತು. ಚೊಂಬು ಮೊದಲು ಸೋದರತ್ತೆಯ ಕೈಗೆ ಹೋಯಿತು. ಅವರು ಕೂತ ಮೇಲೆ ಉಳಿದವರು ಕೂತರು. ಹುಡುಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಕ್ರಾಪು, ಗುಂಡಿ ಕತ್ತಿನವರೆಗೂ ಹಾಕಿದ ಕೋಟು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಾಗ ಅವನ ಎಡಗೈ ಕಿರುಬೆರಳು ಕಾಣಿಸಿತು. ಅದರ ತುದಿಯಲ್ಲಿ ಹೆಚ್ಚುಕಡಿಮೆ ಒಂದಂಗುಲದ ಉಗುರು. ಕಚೇರಿಯ ಹುಡುಗರಲ್ಲಿ ಈಗ ಇದೊಂದು ಫ್ಯಾಷನ್. ಈ ಕೈ ಗುದ್ದಲಿ ಹಿಡಿಯುವ ಕೈಯಲ್ಲ ಎಂದು ಲೋಕಕ್ಕೆ ಸಾರುವ ಬೋರ್ಡು. ಇರಲಿ, ವಯಸ್ಸು ಎಂದುಕೊಂಡು ಸುಮ್ಮನಾದೆ.

ನೀಲಾ ಬಂದು ಚಕ್ಕಳಮಕ್ಕಳ ಹಾಕಿ ಕೂತಳು. ವೀಣೆಯ ದೊಡ್ಡ ಕೊಡ ಬಲಗಡೆ ನೆಲದ ಮೇಲೆ, ಆ ಕಡೆಯ ಬುರುಡೆ ಎಡತೊಡೆಯ ಮೇಲೆ. ಬೆನ್ನು ನೆಟ್ಟಗೆ. ಬೇರೆ ಯಾವ ರೀತಿ ಕೂತರೂ ವೀಣೆ ಜಾರುತ್ತದೆ.

"ಗಂಡಸಿನಂಗೆ ಕುಂತವಳಲ್ಲ," ಎಂದರು ಸೋದರತ್ತೆ, ಮೆಲ್ಲಗೆ. ಮೆಲ್ಲಗೆ ಎಂದರೆ ಬೀದಿಯವರಿಗೆ ಕೇಳಿಸದಷ್ಟು ಮಾತ್ರ. "ಒಂದು ಮೊಣಕಾಲು ಮಡಚಿ ಪಕ್ಕಕ್ಕೆ ಕುಂತ್ಕೊಂಡು ಬಾರಿಸಕ್ಕಾಗಕಿಲ್ವಾ?"

ನೀಲಾ ಕೇಳಿಸದವಳಂತೆ ಶುರು ಮಾಡಿದಳು. ಬಲಗೈಯ ಎರಡು ಬೆರಳು ಸಾರಣಿಯ ಮೇಲೆ. ಕಿರುಬೆರಳು ಆಗಾಗ ಪಕ್ಕದ ತಾಳದ ತಂತಿಗಳನ್ನು ಮೀಟುತ್ತಿತ್ತು. ಎಡಗೈ ತಂತಿಯನ್ನು ವೀಣೆಯ ಹಿತ್ತಾಳೆ ಮೆಟ್ಟಿಲ ಮೇಲೆ ಒತ್ತಿ ಪಕ್ಕಕ್ಕೆ ಎಳೆದಾಗ ಸ್ವರ ಬಳುಕಿ ಮೇಲೆದ್ದು ಮತ್ತೆ ಇಳಿಯಿತು. ಕಂಬಕ್ಕೆ ಒರಗಿದ್ದ ನನ್ನ ಹೆಂಡತಿ ಗಿರಿಜೆ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಡುವುದನ್ನೇ ಮರೆತಳು.

ನಾನು ಹುಡುಗನ ಕಡೆ ನೋಡಿದೆ. ಕಣ್ಣು ಅರ್ಧ ಮುಚ್ಚಿದೆ. ತಲೆ ಒಂದು ಕಡೆಗೆ ವಾಲಿದೆ. ಮುಖದಲ್ಲಿ ಏನೋ ಆನಂದ. ಅಬ್ಬ, ರಸಿಕ ಸಿಕ್ಕಿದ ಎಂದು ನನ್ನ ಎದೆಯ ಮೇಲಿನ ಬಂಡೆ ಇಳಿಯಿತು. ಆಮೇಲೆ ಸ್ವಲ್ಪ ಬಗ್ಗಿ ನೋಡಿದೆ. ಕಿರುಬೆರಳ ಉಗುರು ಕಿವಿಯೊಳಗಿತ್ತು.

ವಾದನ ಮುಗಿಯಿತು. "ಬಾಗುಂದಿ, ಬಾಗುಂದಿ," ಎಂದರು ಹುಡುಗನ ತಂದೆ. ಆ ಸೀಮೆಯವರು ಸಂತೋಷವಾದಾಗ ತೆಲುಗಿಗೆ ಹೊರಳುತ್ತಾರೆ. ಸೋದರತ್ತೆ ಮಾತ್ರ ಎದ್ದು ಬಂದು ನೀಲಾಳ ಎದುರು ಕೂತರು.

"ಏದೀ, ಕೈ ತೋರ್ಸಮ್ಮ."

ಎಡಗೈ ತೋರಿಸಿದಳು. ಬೆರಳ ತುದಿಗಳಲ್ಲಿ ತಂತಿ ಒತ್ತಿ ಒತ್ತಿ ಬಿದ್ದ ಕರಿ ಗೀಟುಗಳು.

"ಇದೇನಮ್ಮ, ಕಳೆ ಕಿತ್ತ ಕೈಯಂಗೈತೆ?"

"ತಂತಿ ಒತ್ತಿದ್ದು ಅತ್ತೆ. ದಿನಾ ಬಾರಿಸಿದರೆ ಹಾಗಾಗುತ್ತೆ."

"ಆ ಕೈ?"

ಬಲಗೈ ಚಾಚಿದಳು. ಆ ಎರಡು ಉಗುರನ್ನು ನೀಲಾ ಸಾಕುವ ಪರಿ ನೋಡಬೇಕು. ತೀರ ಉದ್ದವಾದರೆ ತಂತಿಗೆ ಸಿಕ್ಕಿಕೊಳ್ಳುತ್ತದೆ, ಗಿಡ್ಡವಾದರೆ ನಾದ ಮಂಕಾಗುತ್ತದೆ ಎಂದು ಬೆಂಕಿಪೊಟ್ಟಣದ ಗೀರುವ ಪಟ್ಟಿಗೆ ಉಜ್ಜಿ ಉಜ್ಜಿ ಹದಕ್ಕೆ ತಂದುಕೊಳ್ಳುತ್ತಾಳೆ. (ಮನೆಯಲ್ಲಿ ಒಂದು ಪೊಟ್ಟಣಕ್ಕೂ ಕಡ್ಡಿ ಹತ್ತುವುದಿಲ್ಲ.)

"ಮುದ್ದೆ ಕಟ್ಟೋ ಕೈಯಾಗೆ ಉಗುರು ಬುಟ್ಕೊಂಡಿದೀಯಲ್ಲಮ್ಮ. ನಾಳೆ ಕೂಸು ಎತ್ಕೊಂಡ್ರೆ ಮೈಯೆಲ್ಲ ಗೀರಾಕಿಲ್ವಾ?"

ಮಾತುಕತೆ ಮುಗಿದಿಲ್ಲ, ಮದುವೆ ಆಗಿಲ್ಲ, ಕೂಸಿನ ಮೈಮೇಲೆ ಆಗಲೇ ಗೀರು ಬಿದ್ದಾಗಿತ್ತು. ಸೋದರತ್ತೆ ನಮ್ಮ ಕಡೆ ತಿರುಗಿ ತೀರ್ಪು ಕೊಟ್ಟರು. ಹುಡುಗಿ ಒಪ್ಪಿಗೆ. ಆದರೆ ಮದುವೆಗೆ ಮುಂಚೆ ಉಗುರು ತೆಗೆಯುವ ಶಾಸ್ತ್ರದಲ್ಲಿ ಅವೆರಡೂ ಹೋಗಬೇಕು. ಸಾಮಾನ್ಯವಾಗಿ ಕೆಲಸಿ ಬಂದು ಉಗುರಿಗೆ ಹಾಲು ಮುಟ್ಟಿಸಿ, ಕತ್ತಿ ಸೋಕಿಸಿ, ಅಕ್ಕಿ ಕಾಯಿ ತೆಗೆದುಕೊಂಡು ಹೋಗುತ್ತಾನೆ. ಅಷ್ಟು ಸಾಲದಂತೆ. ನಿಜವಾಗಿಯೇ ತೆಗೆಯಬೇಕಂತೆ.

"ಆಮೇಲೂ ನಮ್ಮನೇಲಿ ಬೆಳೆಸಂಗಿಲ್ಲ. ವೀಣೆ ಮಾತ್ರ ಕಳ್ಸಿ. ಪಡಸಾಲೇಲಿ ಗಾಜಿನ ಬೀರು ಪಕ್ಕ ಇಟ್ರೆ ಲಕ್ಷಣವಾಗಿರ್ತದೆ."

ನೀಲಾ ತಲೆ ಎತ್ತದೆ ಕೇಳಿದಳು: "ತಂತಿ ಬಿಚ್ಚಿ ಕಳಿಸಲಾ ಅತ್ತೆ, ಹಾಗೇ ಕಳಿಸಲಾ?"

ಸೋದರತ್ತೆ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು. "ಇರ್ಲಮ್ಮ, ತಂತಿ ಇದ್ರೇ ನೋಡಕ್ಕೆ ಚೆಂದ."

ನನ್ನ ಮೈ ಉರಿದುಹೋಯಿತು. ಮುನ್ಸೀಫರ ಮುಂದೆ ನಿಂತು ಒಂದು ಹೊಲದ ಬದುವಿನ ಮೇಲೆ ಇಡೀ ಮಧ್ಯಾಹ್ನ ವಾದಿಸುವ ನಾನು ಆಗ ಏನು ಹೇಳಿದೆ ಗೊತ್ತೆ? "ಇನ್ನೊಂದು ಸ್ವಲ್ಪ ಉಪ್ಪಿಟ್ಟು ಹಾಕಿಸಿಕೊಳ್ಳಿ," ಎಂದೆ.

ಆಗ ಆಡದ ವಾದವನ್ನು ಈಗ ಆಡುತ್ತೇನೆ, ಕೇಳಿ. ಲಾ ಪಾಸು ಮಾಡಿದ ಅಳಿಯನೇ ಬೇಕು, ಮದುವೆ ದಿನ ಅವನ ನಾಲಗೆ ಕತ್ತರಿಸಿ ಕಳಿಸಿ ಎಂದು ನಾವು ಯಾರನ್ನಾದರೂ ಕೇಳಿದ್ದೇವೆಯೆ? ಹೆಣ್ಣುಮಗುವಿನ ವಿಷಯದಲ್ಲಿ ಮಾತ್ರ ಇದು ಸರಿಯೆ? ಲಂಗ ಹಾಕುವ ವಯಸ್ಸಿನಿಂದ ಅವಳು ಬೆಳಗಿನ ಚಳಿಯಲ್ಲಿ ಎದ್ದು ಕೂರಬೇಕು, ಬೆರಳು ಕೊಯ್ದುಕೊಂಡು, ಕೊಬ್ಬರಿ ಎಣ್ಣೆ ಸವರಿಕೊಂಡು ಮತ್ತೆ ಅದೇ ಬೆರಳನ್ನು ತಂತಿಗೆ ಕೊಡಬೇಕು. ಎಲ್ಲವೂ ಯಾತಕ್ಕೆ? ಹೆಣ್ಣು ನೋಡುವ ದಿನದ ಕಾಲು ಗಂಟೆಗೆ. ಅಲ್ಲಿಂದಾಚೆಗೆ ವೀಣೆ ಬೀರುವಿನ ಪಕ್ಕ, ಹುಡುಗಿ ಒಲೆಯ ಪಕ್ಕ. ಕೈಮಗ್ಗದವನ ಮನೆಗೆ ಹೋಗಿ, ಸೀರೆ ನೇಯುವುದನ್ನು ನೋಡಿ ಮೆಚ್ಚಿ, ಆಮೇಲೆ ಲಾಳಿ ಮುರಿದು ಹಾಕು ಎಂದರೆ ಅವನು ಬಿಡುತ್ತಾನೆಯೆ? ನಮಗೆ ಮಾತ್ರ ಹಲ್ಲು ಕಿರಿದು ಎಲೆಅಡಿಕೆ ಕೊಟ್ಟು ಕಳಿಸಬೇಕೆಂಬ ಮರ್ಯಾದೆ.

ನಾವು ಒಪ್ಪಿಗೆ ಹೇಳಿಕಳಿಸದಿದ್ದಾಗ, ಬಡವನಹಳ್ಳಿ ಸಂತೆ ಮುಗಿಸಿಕೊಂಡು ಪುಟ್ಟಬಸಪ್ಪ ಬಂದ.

"ಏನ್ ಭಾವ, ಎಲ್ಡು ಉಗುರಿಗೆ ಇಂಥ ಸಂಬಂಧ ಬುಟ್ಬುಡ್ತೀರಾ? ಕಚೇರಿ ನೌಕರಿ. ಸ್ವಂತ ಮನೆ. ಉಗುರು ಹೋದ್ರೆ ಉಗುರು ಬರ್ತದೆ, ಗಂಡು ಬರ್ತದಾ?"

ಈ ಮಾತು ನನಗೆ ನಾಟಿತು ಎಂದು ಒಪ್ಪಿಕೊಳ್ಳಬೇಕು. ನೀಲಾಳ ಓರಗೆಯವರೆಲ್ಲ ಮಕ್ಕಳನ್ನು ಎತ್ತಿಕೊಂಡು ತವರಿಗೆ ಬರುತ್ತಿದ್ದಾರೆ. ನಾನು ಗಿರಿಜೆಯ ಮುಖ ನೋಡಿದೆ. ಗಿರಿಜೆ ನೀಲಾಳ ಮುಖ ನೋಡಿದಳು.

"ಪಟ್ಟಣದಾಗೆ ಬೆರಳಿಗೆ ತಂತಿ ಉಂಗುರ ಸಿಗಾಕ್ಕೊಂಡು ಮೀಟ್ತಾರಂತಲ್ಲಮ್ಮ," ಎಂದ ಪುಟ್ಟಬಸಪ್ಪ. "ಅಂಥವು ಎಲ್ಡು ತರ್ಸಿದ್ರಾತು."

"ಹಾಕ್ಕೊಳ್ಳೋರು ಹಾಕ್ಕೊಳ್ತಾರೆ ಮಾವ. ನನ್ನ ಪಾಠದಲ್ಲಿ ಬೆರಳಿನ ಚರ್ಮ, ಉಗುರು, ಎರಡೂ ತಂತಿಗೆ ತಾಗಬೇಕು. ಅದು ಹೋಗಲಿ. ಉಂಗುರ ಹಾಕ್ಕೊಂಡು ಬಾರಿಸಬಹುದಾ ಅಂತ ಅವರನ್ನ ಕೇಳಿದ್ರಾ?"

ಪುಟ್ಟಬಸಪ್ಪ ಎಲೆಗೆ ಸುಣ್ಣ ಸವರುವುದರಲ್ಲಿ ಮಗ್ನನಾದ.

"ಕೇಳಿದ್ರಾ ಮಾವ?"

"ಕೇಳ್ದೆ ಕಣಮ್ಮ. ಬಾರ್ಸೋ ಇಚಾರ ಈಗ್ಯಾಕೆ ಅಂದ್ರು."

ಆಗ ನಡುಮನೆಯ ಹೊಸಿಲ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ನನ್ನ ತಾಯಿ ಮಾತಿಗೆ ಬಂದರು. ಅವರ ಕಣ್ಣಿಗೆ ಪೊರೆ ಬಂದಿದೆಯೆಂದು ನಾನು ಎಷ್ಟೋ ದಿನದಿಂದ ಚಿಂತೆ ಮಾಡುತ್ತಿದ್ದೇನೆ. ಅವರು ಕೇಳಿದ್ದು ಇಷ್ಟು:

"ಲೇ ಪುಟ್ಟಬಸ, ಉಗುರು ತೆಗೆಯೋ ಶಾಸ್ತ್ರ ಹೆಣ್ಣಿಗೊಂದೇ ಏನ್ಲಾ?"

"ಇಲ್ಲ ಕಣವ್ವ, ಗಂಡಿಗೂ ಐತೆ."

"ಅಂಗಾರೆ ಹೋಗಿ ಹೇಳು. ಶಾಸ್ತ್ರ ಅಂದ್ಮೇಲೆ ಶಾಸ್ತ್ರ. ಅವರ ಹುಡುಗ ಎಡಗೈಯಾಗೆ ಒಂದು ಸಾಕ್ಕೊಂಡವನಲ್ಲ, ಮೊದ್ಲು ಅದನ್ನ ತೆಗೀಲಿ. ಅದೇ ಕತ್ತೀಲಿ ನಮ್ಮ ಮಗೀದೂ ತೆಗೀಲಿ."

"ಅವ್ವ, ಅದನ್ನೆಂಗೆ ಹೇಳದು?"

"ಇವಳ ಕೈ ಹಿಡಿದು ಹೇಳಕ್ಕೆ ಅವರಿಗೆ ಬಾಯಿತ್ತಲ್ಲ. ನಿಂಗ್ಯಾಕೆ ಇಲ್ಲ?"

ಪುಟ್ಟಬಸಪ್ಪ ಹೋದ. ನನಗೆ ಹೊಸ ಚಿಂತೆ ಹತ್ತಿಕೊಂಡಿತು. ಹುಡುಗ ಒಪ್ಪಿಬಿಟ್ಟರೆ? ಆಡಿದ ಮಾತಿಗೆ ನಾವು ಕಟ್ಟುಬಿದ್ದಂತೆಯೇ. ಅವನು ಒಂದು ಕೊಟ್ಟು ಎರಡು ಕಿತ್ತುಕೊಳ್ಳುತ್ತಾನೆ. ಜಗಲಿಗೂ ಹಿತ್ತಲಿಗೂ ಅಲೆದಾಡುತ್ತಿದ್ದ ನನ್ನನ್ನು ನೋಡಿ, ತಂತಿಗೆ ಎಣ್ಣೆ ಬಟ್ಟೆ ಎಳೆಯುತ್ತಿದ್ದ ನೀಲಾ ಹೇಳಿದಳು: "ಒಪ್ಪಲ್ಲ ಅಪ್ಪ. ನಾನು ಬಾರಿಸ್ತಿದ್ದಾಗ ಅದನ್ನ ಎಷ್ಟು ಜೋಪಾನವಾಗಿ ಹಿಡ್ಕೊಂಡಿದ್ದರು ಅಂತ ನಾನೂ ನೋಡಿದೀನಿ."

ಮೊನ್ನೆ ಪುಟ್ಟಬಸಪ್ಪ ಮತ್ತೆ ಬಂದ. ಕೊಟ್ಟ ನೀರನ್ನೂ ನಿಂತೇ ಕುಡಿದ.

"ಆಗಕಿಲ್ವಂತೆ ಭಾವ. ಸೋದರತ್ತೆ ಕಣ್ಣಾಗೆ ನೀರಾಕ್ಕೊಂಡ್ರು. ಹುಡುಗ ಬೆಣ್ಣೆ ಸವರಿ ಸವರಿ ಬೆಳೆಸಿದ್ದಂತೆ, ನಿದ್ದೆ ಮಾಡೋವಾಗ ಬಟ್ಟೆ ಸುತ್ಕೊಂತಿದ್ನಂತೆ. ಅಂಥದ್ದನ್ನ ತೆಗಿ ಅಂತ ಹೇಳಕ್ಕೆ ನಿಮ್ಗೆ ಮನಸ್ಸಾದ್ರೂ ಹೆಂಗೆ ಬಂತು ಅಂತ ಕೇಳಿದ್ರು."

ಹೇಗೆ ಬಂತು ಎಂದು ನಮ್ಮನ್ನು ಕೇಳುತ್ತಾರೆ.

ಕೈಗೆ ಬಂದ ಸಂಬಂಧ ಹಾಳುಮಾಡಿಕೊಂಡ ಎಂದು ಊರಿನಲ್ಲಿ ನನ್ನನ್ನು ಆಡಿಕೊಳ್ಳುತ್ತಿದ್ದಾರೆ. ಆಡಿಕೊಳ್ಳಲಿ. ಮುಂದಿನ ಗಂಡು ಎಲ್ಲಿಂದ ಬರುತ್ತದೋ ಎಂಬ ಚಿಂತೆ ನನಗೆ ಇದ್ದೇ ಇದೆ, ಸಾರಣಿ ಹರಿದರೆ ಇನ್ನೊಂದು ಎಲ್ಲಿಂದ ತರಲಿ ಎಂಬುದು ಅದರ ಪಕ್ಕದಲ್ಲೇ ಕೂತಿದೆ. ಒಳಗೆ ನೀಲಾ ಶ್ರುತಿ ಮಾಡಿಕೊಳ್ಳುತ್ತಿದ್ದಾಳೆ. ಇದನ್ನು ಓದುವ ಪಾವಗಡದವರು ಯಾರಾದರೂ ಇದ್ದರೆ ಒಂದು ಮಾತು ವಿಚಾರಿಸಿ ಹೇಳಿ: ನಮ್ಮ ಹುಡುಗಿ ಉಗುರು ಬೆಳೆಸಿದ್ದು ವೀಣೆಗೆ, ಅವರ ಹುಡುಗ ಬೆಳೆಸಿದ್ದು ಯಾವ ವಾದ್ಯಕ್ಕೆ?