ಕ್ರಿಸ್ಪಿನ್ ಮುಟ್ಟಿದ ತಲೆನೋವು

ಸಮಾರ್ ದ್ವೀಪದ ನಮ್ಮ ಈ ತೀರದಲ್ಲಿ ಕತ್ತು ಹಿಡಿದವರಿಗೆ, ಕತ್ತಿನಿಂದ ತಲೆನೋವು ಹತ್ತಿದವರಿಗೆ ಬಸಿಲಿಸಾ ಅಕ್ಕನೇ ಗತಿ. ಮೀನಿನ ಬುಟ್ಟಿ ಹೊತ್ತೂ ಹೊತ್ತೂ ನನಗೆ ತಲೆ ಎತ್ತಲಾಗದೆ ಹೋದಾಗಲೆಲ್ಲ ಅವಳ ತೊಡೆಯ ಮೇಲೆ ಮಲಗಿದ್ದೇನೆ. ಕೈ ಬೆಣ್ಣೆ, ಬಾಯಿ ಮಾತ್ರ ಬೆಂಕಿ.

"ಬುಟ್ಟಿ ಹೊರೋಕೆ ಗಂಡನಿಗೆ ಹೇಳೇ ಪೆತ್ರಾ. ಅವನ ಕತ್ತೇನು ಹೆಂಡ ಇಳಿಸೋಕೆ ಮಾತ್ರ ಇರೋದಾ?" ಎಂದು ಬೈಯುತ್ತಲೇ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಲಟಕ್ ಎಂದು ತಿರುಚುವುದು ಅವಳಲ್ಲಿಲ್ಲ. ತಲೆಬುರುಡೆಯ ಬುಡಕ್ಕೆ ಬೆರಳು ಕೊಟ್ಟು, ಗಂಟು ತಾನಾಗಿ ಸಡಿಲಾಗುವವರೆಗೆ ಸುಮ್ಮನೆ ಹಿಡಿದು ಕೂರುತ್ತಿದ್ದಳು.

ಅಂಥವಳು ಸ್ವಂತ ಸೊಸೆಯ ತಲೆ ಮುಟ್ಟಲಿಲ್ಲ.

ಅವಳ ಮಗ ಕ್ರಿಸ್ಪಿನ್ ಮೀನಿಗೆ ಹೋದವನು ಬಿರುಗಾಳಿಗೆ ಸಿಕ್ಕ. ದೋಣಿಯ ಹಲಗೆ ದಡಕ್ಕೆ ಬಂತು, ಅವನು ಬರಲಿಲ್ಲ. ಹೂಳುವುದಕ್ಕೂ ಏನೂ ಸಿಗದ ಸಾವು ಯಾವ ತಾಯಿಗೂ ಬೇಡಪ್ಪಾ. ಆಮೇಲೆ ಸೊಸೆ ಮಾರಿಲೌಗೆ ಮುಸ್ಸಂಜೆಯಾದರೆ ತಲೆನೋವು. ಹಿಂದಲೆಯ ಬಲಗಡೆ ಎದ್ದು, ಕಿವಿಯ ಮೇಲೆ ಹಾದು, ಕಣ್ಣಿನ ಹಿಂದೆ ಹೋಗಿ ಕೂರುತ್ತಿತ್ತು. ಮುಸ್ಸಂಜೆಯ ತಲೆನೋವೆಂದರೆ ಸತ್ತವರು ಬಂದು ಮುಟ್ಟಿದ್ದು ಎಂದೇ ನಮ್ಮಲ್ಲಿ ನಂಬಿಕೆ. ಉಪ್ಪು ಹಾಕದ ಅನ್ನ, ಕೋಳಿ ಬೇಯಿಸಿ ಅವರಿಗೆ ಇಡಬೇಕು. ನೀವಿ ವಾಸಿಮಾಡುವ ಕೈ ಆ ನೋವಿನ ಜಾಗಕ್ಕೆ ತಾಗಿದರೆ ಬಂದವರು ಮತ್ತೆಂದೂ ಬರುವುದಿಲ್ಲ.

"ಅತ್ತೇ, ಅವರು ಬಂದ್ರು" ಎಂದು ಹುಡುಗಿ ನರಳಿದರೆ ಸಾಕು, ಬಸಿಲಿಸಾ ಅಕ್ಕ ಓಡಿ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಸೊಸೆಯ ಮುಖ ನೋಡಿಕೊಂಡು ಮಗನನ್ನು ಮಾತಾಡಿಸುತ್ತಿದ್ದಳು. "ನೀರಲ್ಲಿ ಚಳಿಯೇನೋ ಕಂದಾ? ಊಟ ಆಯ್ತಾ?" ನಾನು ಬೇಲಿಯಾಚೆ ನಿಂತು ಕೇಳಿಸಿಕೊಂಡಿದ್ದೇನೆ.

ಹುಡುಗಿ ಕಡ್ಡಿಯಾದಳು. ಉಂಡದ್ದೆಲ್ಲ ವಾಂತಿ. ಒಂದು ಸಂಜೆ ಕಣ್ಣು ಕತ್ತಲಿಟ್ಟು ಉರಿಯುವ ಒಲೆಯ ಮೇಲೇ ಬಿದ್ದಳು. ತೋಳು ಸುಟ್ಟದ್ದು ನೋಡಿ ನನಗೆ ತಡೆಯಲಾಗಲಿಲ್ಲ.

"ಸತ್ತ ಮಗನ್ನ ಮಾತಾಡ್ಸೋಕೆ ಬದುಕಿರೋ ಹುಡುಗೀನ ಸಾಯಿಸ್ತೀಯೇನಕ್ಕಾ?" ಎಂದು ಅಂಗಳದಲ್ಲೇ ಕಿರುಚಿದೆ.

"ಬರ್ತಿರೋನು ನನ್ನ ಮಗ ಕಣೇ! ಮನೇಗೆ ಬಂದೋನ್ನ ನಾನೇ ಓಡಿಸ್ಲಾ?" ಅವಳೂ ಕಿರುಚಿದಳು. ಆಮೇಲೆ ಅಲ್ಲೇ ಕುಸಿದು ಕೂತಳು.

ಮರುದಿನ ಮಧ್ಯಾಹ್ನ ನನ್ನೆದುರೇ ಸೊಸೆಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಎಣ್ಣೆ ಹಚ್ಚುವ ಮೊದಲು ಬಾಗಿಲ ಕಡೆ ನೋಡಿ, "ಇವಳು ತಡ್ಕೊಳ್ಳಲ್ಲ ಮಗಾ. ಹೋಗ್ಬಾ" ಎಂದಳು.

ಬುರುಡೆಯ ಬುಡದಲ್ಲಿ, ಬಲಕ್ಕೆ, ಬೆರಳು ಒತ್ತಿದಳು.

"ಅಯ್ಯೋ ಅತ್ತೇ! ಅದೇ! ಕಣ್ಣಿನ ಹಿಂದೆ ಅದೇ ನೋವು!"

ಅಕ್ಕ ಬೆರಳು ಸಡಿಲಿಸಿದಳು. ನೋವು ಹೋಯಿತು. ಮತ್ತೆ ಒತ್ತಿದಳು, ಮತ್ತೆ ಬಂತು. ನಡು ಮಧ್ಯಾಹ್ನ, ಅವಳ ಬೆರಳು ಕರೆದಾಗಲೆಲ್ಲ ಬರುತ್ತಿತ್ತು. ಅಕ್ಕನ ಮುಖದ ರಕ್ತವೇ ಇಂಗಿಹೋಯಿತು.

"ರಾತ್ರಿ ಹೆಂಗೆ ಮಲಗ್ತೀಯಾ?"

"ಬೋರಲು, ಬಾಗಿಲ ಕಡೆ ಕತ್ತು ತಿರುಗಿಸ್ಕೊಂಡು. ಅವರು ಬಂದ್ರೆ ಕಾಣ್ಲಿ ಅಂತ."

"ಹಗಲೆಲ್ಲ, ಸಂಜೆವರೆಗೂ, ಬಗ್ಗಿ ಬಲೆ ರಿಪೇರಿ ಮಾಡ್ತೀಯಾ."

"ಹ್ಞೂಂ."

ಅಕ್ಕ ಗಂಟು ಕರಗುವವರೆಗೆ ಹಿಡಿದಳು, ಗದ್ದ ಮೆಲ್ಲಗೆ ಎದೆಯ ಕಡೆ ಬಾಗಿಸಿದಳು, ತಲೆಯನ್ನು ಅಂಗೈಯಲ್ಲಿ ತೂಗಿದಳು. ಮುಂದಿನ ದಿನಗಳಲ್ಲೂ ಹಾಗೇ ಮಾಡಿದಳು. ಮುಸ್ಸಂಜೆಗಳು ಬಂದವು, ನೋವು ಬರಲಿಲ್ಲ.

ಮಾರಿಲೌ ಅಳುತ್ತಾ ಕೇಳಿದಳು, "ಹೊರಟೇ ಹೋದ್ರಾ ಅತ್ತೆ? ನಿಮ್ಮ ಹತ್ರ ಏನಾದ್ರೂ ಅಂದ್ರಾ?"

"ಅಂದ. ಅವಳನ್ನ ಚೆನ್ನಾಗಿ ನೋಡ್ಕೋ ಅಮ್ಮಾ ಅಂದ."

ಹುಡುಗಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ಅಕ್ಕ ನನ್ನ ತೋಳು ಹಿಡಿದುಕೊಂಡಳು.

"ಬರೀ ಕತ್ತು ಕಣೇ ಪೆತ್ರಾ. ನನ್ನ ಮಗ ಒಂದಿನಾನೂ ಬಂದಿರ್ಲೇ ಇಲ್ಲ."