ಚಿಗವ್ವನ ಜಾಗ

ಈ ಬೆಳಿಗ್ಗೆಯೂ ಎಂದಿನಂತೆ ಹಾಲಿನ ಪ್ಯಾಕೆಟ್ಟು ಕತ್ತರಿಸಿ ಕಾಯಲಿಟ್ಟು, ಕುಕ್ಕರ್ ಕೂಗುವುದರೊಳಗೆ ಮಗಳ ಜಡೆ ಹಾಕಲು ಕೂತೆ. ಕೊಬ್ಬರಿ ಎಣ್ಣೆಯ ವಾಸನೆ ಬೆರಳಿಗೆ ಹತ್ತಿತ್ತು. ತೊಡೆಯ ಮೇಲೆ ಇಂಗ್ಲಿಷ್ ಪುಸ್ತಕ ತೆರೆದುಕೊಂಡಿದ್ದ ಅವಳು, "ಅಮ್ಮಾ, ಇನ್‌ಸ್ಟೆಡ್ ಅಂತೀವಲ್ಲ, ಈ ಸ್ಟೆಡ್ ಅಂಟೇ ಏಂಟಿ?" ಎಂದಳು. ಕನ್ನಡದಲ್ಲಿ ಶುರುವಾದ ಅವಳ ಮಾತು ತೆಲುಗಿನಲ್ಲೇ ಮುಗಿಯುವುದು. ಹೆಣೆಯುತ್ತಿದ್ದ ನನ್ನ ಕೈ ನಿಂತಿತು.

ಆ ಎಣ್ಣೆಯ ವಾಸನೆಯೊಳಗಿಂದ ಎದ್ದು ಬಂದವಳು ಚಿಗವ್ವ, ನನ್ನ ಅಮ್ಮನ ತಂಗಿ. ವಿಶಾಖಪಟ್ಟಣದ ನೌಕಾಪಡೆಯ ಕ್ವಾರ್ಟರ್ಸಿನಲ್ಲಿ, ಉಪ್ಪುಗಾಳಿಗೆ ಕಿಟಕಿಯ ಸರಳೆಲ್ಲ ತುಕ್ಕು ಹಿಡಿಯುತ್ತಿದ್ದ ನಮ್ಮ ಮನೆಯಲ್ಲಿ, ನನ್ನ ತಲೆ ಬಾಚುತ್ತಿದ್ದವಳು ಅವಳು. ಅಮ್ಮ ತೀರಿಕೊಂಡ ವರ್ಷವೇ ಅವಳನ್ನು ಧಾರವಾಡದ ಕಡೆಯಿಂದ ತಂದು ಅಪ್ಪನಿಗೆ ಮದುವೆ ಮಾಡಿದ್ದರು. ತಾಳಿಯ ಜೊತೆ ಇನ್ನೊಂದನ್ನೂ ಕೊರಳಿಗೆ ಕಟ್ಟಿದ್ದರು: ಸತ್ತ ಸವತಿಯ, ಅಂದರೆ ನನ್ನ ಅಮ್ಮನ, ಹೆಸರಿನ ಪುಟ್ಟ ಬಂಗಾರದ ಪದಕ. ಹೊಸ ಸೀರೆ ಬಂದರೆ ಮೊದಲು ಅದಕ್ಕೆ ಮುಟ್ಟಿಸಬೇಕು, ಹಬ್ಬದಡುಗೆಯ ಮೊದಲ ಎಡೆಯೂ ಅದಕ್ಕೇ. ಅಪ್ಪನ ತಾಯಿ ಬಾಗಿಲಲ್ಲೇ ಕೂತು ಕಾಯುತ್ತಿದ್ದಳು. "ಮೊದಲ ಅಕ್ಕಗ ತೋರ್ಸು, ಆಮ್ಯಾಲ ನೀ ಉಡು." ಅಡುಗೆಮನೆಯಲ್ಲಿ ಅಮ್ಮ ಕೂರುತ್ತಿದ್ದ ಮಣೆ ಇತ್ತು. ಚಿಗವ್ವ ದಿನಾ ಅದರ ಧೂಳು ಒರೆಸಿ, ತಾನು ಬರಿನೆಲದಲ್ಲಿ ಕೂತು ಉಣ್ಣುತ್ತಿದ್ದಳು. ಮಣೆ ಎಳೆದುಕೊಟ್ಟರೆ, "ಅದು ಅಕ್ಕನ ಜಾಗ ಐತಿ. ನನಗ ಇಲ್ಲೇ ತಂಪ ಐತಿ ಬಿಡವ್ವಾ" ಎಂದು ನಗುತ್ತಿದ್ದಳು.

ಅದೇ ದಿನಗಳಲ್ಲಿ ನಮ್ಮ ಕಾನ್ವೆಂಟಿನ ಸಿಸ್ಟರ್ ಒಬ್ಬರು ಮಗಳು ಕೇಳಿದ ಇದೇ ಪದವನ್ನು ಬೋರ್ಡಿನ ಮೇಲೆ ಬರೆದಿದ್ದರು. ನೂರಾರು ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಸ್ಟೆಡ್ ಎಂದರೆ ಜಾಗವಂತೆ. ಕಾಲೂರಿ ನಿಲ್ಲುವ ನೆಲ, ಊರು, ಹೊಲಮನೆ, ಮಂಚ ಹಾಕುವ ಮೂಲೆ, ಒಬ್ಬರಿಗೆ ಸಲ್ಲುವ ಸ್ಥಾನ, ಎಲ್ಲಕ್ಕೂ ಅದೇ ಪದ. ಬರಬರುತ್ತ ಒಂದೊಂದೇ ಅರ್ಥ ಉದುರಿ, ಒಬ್ಬರ ಬದಲಿಗೆ ಇನ್ನೊಬ್ಬರು ಎನ್ನುವುದೇ ಹೆಚ್ಚಾಗಿ ಉಳಿಯಿತು ಎಂದರು. ದುಂಡಗೆ ಬರೆದುಕೊಂಡೆ. ಆ ಉಳಿದೊಂದು ಅರ್ಥದಲ್ಲೇ ಬಾಳು ಸವೆಸಬೇಕಾದವಳು ಮನೆಯಲ್ಲಿ ನನ್ನ ಡಬ್ಬಿ ತೊಳೆಯುತ್ತಿದ್ದಳು.

ಆ ಕ್ವಾರ್ಟರ್ಸನ್ನು ಈಗ ಕೆಡವಿದ್ದಾರೆ. ಅಪ್ಪ ನಿವೃತ್ತರಾಗಿ ಅದೇ ಊರಿನ ಅಂಚಿನ ದುವ್ವಾಡದಲ್ಲಿ ಮನೆ ಕಟ್ಟಿದರು. ಹೋದ ವರ್ಷ ಇದೇ ದಿನ ಚಿಗವ್ವ ಅಲ್ಲೇ ತೀರಿಕೊಂಡಳು. ಅಪ್ಪ ಅವಳ ಕೊರಳಿನಿಂದ ಬಿಚ್ಚಿದ ಪದಕವನ್ನು ಅಮ್ಮನ ಫೋಟೋಗೆ ತೂಗುಹಾಕಿದರು. ಕಳೆದ ತಿಂಗಳು ನಾನು ಚಿಗವ್ವನ ಫೋಟೋಗೆ ಕಟ್ಟು ಹಾಕಿಸಿ, ಮೊಳೆಯ ಸಮೇತ ಅಲ್ಲಿಗೆ ಒಯ್ದಿದ್ದೆ. ಅಪ್ಪ ಪೇಪರಿನಿಂದ ತಲೆಯೆತ್ತಲಿಲ್ಲ. "ಗ್ವಾಡಿ ಮ್ಯಾಲ ಜಾಗ ಎಲ್ಲೈತಿ? ನಿಮ್ಮವ್ವಂದು ಐತಲ್ಲ. ಇಬ್ರೂ ಒಂದ." ಅಮ್ಮನ ಫೋಟೋದ ಎರಡೂ ಪಕ್ಕ ಗೋಡೆ ಖಾಲಿಯಿತ್ತು. ಸುಣ್ಣ ಹೊಸದಾಗಿ ಹೊಳೆಯುತ್ತಿತ್ತು. ಚಿಗವ್ವನನ್ನು ಟವೆಲಿನಲ್ಲಿ ಸುತ್ತಿಕೊಂಡು ವಿಜಯವಾಡಕ್ಕೆ ವಾಪಸು ಬಂದೆ.

"ಸ್ಟೆಡ್ ಅಂದರೆ ಜಾಗ, ಪುಟ್ಟಾ" ಎಂದಷ್ಟೇ ಹೇಳಿ ಮಗಳನ್ನು ಶಾಲೆಗೆ ಕಳಿಸಿದೆ. ಆಮೇಲೆ ಪಟಮಟದ ಈ ಮನೆಯ ನಡುಗೋಡೆಗೆ ನಾನೇ ಮೊಳೆ ಹೊಡೆದು ಚಿಗವ್ವನ ಫೋಟೋ ತೂಗುಹಾಕಿದೆ. ಒಂದು ತಟ್ಟೆಯಲ್ಲಿ ಅನ್ನ ಬಡಿಸಿ, ಅವಳೊಬ್ಬಳಿಗೇ ಮೊದಲು ಎಡೆ ಇಟ್ಟೆ.

ಸಂಜೆ ಪಕ್ಕದ ಮನೆಯಾಕೆ ಮೊಸರಿನ ಹೆಪ್ಪಿಗೆಂದು ಬಂದರು. ನನ್ನೊಡನೆ ಹರಕುಮುರುಕು ಕನ್ನಡ ಆಡುವುದೆಂದರೆ ಅವರಿಗೆ ಖುಷಿ.

ಗೋಡೆಯ ಫೋಟೋ ನೋಡಿ, "ಎವರಂಡೀ, ಯಾರಿವರು? ನಿಮ್ಮ ಅಮ್ಮಗಾರಾ?" ಎಂದರು.

"ಹೌದು" ಎಂದೆ.

ಬಟ್ಟಲು ಹಿಡಿದು ಹೊರಟವರು ಫೋಟೋದ ಮುಂದೆ ಒಂದು ಗಳಿಗೆ ನಿಂತರು. "ಕೊರಳಲ್ಲಿರೋ ಆ ಪದಕ ಚಾಲಾ ಬಾಗುಂದಂಡೀ, ತುಂಬಾ ಚೆಂದ. ತಮಗೇ ಅಂತ ಆಸೆಪಟ್ಟು ಮಾಡಿಸಿಕೊಂಡಿರಬೇಕು, ಅಲ್ಲವಾ?"